ಬಜ್ಪೆಯಲ್ಲಿ ಇಳಿಯಬೇಕಾದ ವಿಮಾನ ಬೆಂಗಳೂರಿಗೆ ಏಕೆ ಹೋಗುತ್ತದೆ?

ಜೂನ್ ಬಂತೆಂದರೆ ಮಂಗಳೂರಿನ ಪ್ರಯಾಣಿಕರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: “ಪೇಟೆಯ ನಡುವೆ ಹಂಪನಕಟ್ಟೆಯಲ್ಲಿ ಹನಿ ಮಳೆಯಿಲ್ಲ ಮಾರಾಯರೇ, ವಿಮಾನ ಯಾಕೆ ಇಳಿಯಲಿಲ್ಲ?” ವಿಮಾನದ ದಾರಿ, ಇಂಧನ, ಹವಾಮಾನಗಳ ಲೆಕ್ಕ ಹಾಕಿ ಹೊರಡುವ ಮುನ್ನ ಕ್ಯಾಪ್ಟನ್ ಕೈಗೆ ಕೊಡುವ ಡಿಸ್ಪ್ಯಾಚರ್ ನಾನು. ನನಗೆ ಇದು ನ್ಯಾಯವಾದ ಪ್ರಶ್ನೆ ಎಂದೇ ಅನ್ನಿಸುತ್ತದೆ. “ಪ್ರತಿಕೂಲ ಹವಾಮಾನ” ಎಂಬ ಎರಡು ಪದ ಅದಕ್ಕೆ ಉತ್ತರವಲ್ಲ.

ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆ–ಕೆಂಜಾರಿನ ರನ್‌ವೇ ಸಮುದ್ರ ಮಟ್ಟದಿಂದ ಸುಮಾರು 100 ಮೀಟರ್ ಎತ್ತರದಲ್ಲಿ, ಗುಡ್ಡದ ನೆತ್ತಿಯ ಮೇಲಿದೆ. ಮಳೆಗಾಲದ ಕೆಳಮೋಡ ಕಡಲಿನಿಂದ ತೇಲಿ ಬಂದಾಗ ಪೇಟೆಯವರಿಗೆ ಅದು ಆಕಾಶದಲ್ಲಿರುವ ಮೋಡ, ಗುಡ್ಡದ ಮೇಲಿರುವವರಿಗೆ ಸುತ್ತ ಕವಿದ ಮಂಜು. ಹಾಗಾಗಿ ಹಂಪನಕಟ್ಟೆಯ ಆಕಾಶ ನೋಡಿ ಬಜ್ಪೆಯನ್ನು ಊಹಿಸಲಾಗದು. ಇನ್ನು, ಬರೀ ಮಳೆ ಸುರಿದರೆ ವಿಮಾನ ನಿಲ್ಲುವುದಿಲ್ಲ. ನಾವು ನೋಡುವುದು ರನ್‌ವೇ ಎಷ್ಟು ದೂರದಿಂದ ಕಾಣುತ್ತದೆ, ಮೋಡದ ತಳ ಎಲ್ಲಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದನ್ನು. ರೇಡಿಯೋ ಸಂಕೇತದಿಂದ ರನ್‌ವೇಗೆ ದಾರಿ ತೋರಿಸುವ ಮೊದಲ ದರ್ಜೆಯ ಐಎಲ್‌ಎಸ್ ಉಪಕರಣವನ್ನು ನಂಬಿ ಇಳಿಯುವಾಗ ಸಾಮಾನ್ಯವಾಗಿ ರನ್‌ವೇಯಿಂದ 200 ಅಡಿ ಎತ್ತರದವರೆಗೆ ಕೆಳಗೆ ಬರಬಹುದು, ಕನಿಷ್ಠ 550 ಮೀಟರ್ ಗೋಚರತೆ ಬೇಕು. ಭೂಪ್ರದೇಶ ನೋಡಿ ಈ ಮಿತಿ ಇನ್ನೂ ಬಿಗಿಯಾಗಬಹುದು. ಅಷ್ಟರಲ್ಲಿ ರನ್‌ವೇ ದೀಪ ಕಾಣದಿದ್ದರೆ ಕ್ಯಾಪ್ಟನ್ ಮತ್ತೆ ಮೇಲಕ್ಕೇರಲೇಬೇಕು.

“ಹತ್ತು ನಿಮಿಷ ಮೊದಲು ಇನ್ನೊಂದು ವಿಮಾನ ಇಳಿಯಿತಲ್ಲ?” ಇಳಿದಿರಬಹುದು. ಕರಾವಳಿಯ ಮಳೆ ಪಟ್ಟಿಪಟ್ಟಿಯಾಗಿ ಬರುತ್ತದೆ. ಒಂದು ಪಟ್ಟಿ ದಾಟಿ ಇನ್ನೊಂದು ಬರುವ ನಡುವಿನ ತೆರಪು ಒಬ್ಬರಿಗೆ ಸಿಕ್ಕರೆ ಹಿಂದೆ ಬಂದವರಿಗೆ ಸಿಗಲಿಕ್ಕಿಲ್ಲ. ಹಾಗಿದ್ದರೆ ಮೇಲೆಯೇ ಸುತ್ತುತ್ತಾ ಕಾಯಬಾರದೇ? ಕಾಯುತ್ತಾರೆ, ಆದರೆ ಇಂಧನ ಅನುಮತಿಸುವವರೆಗೆ ಮಾತ್ರ. ದಾರಿಗೆ ಬೇಕಾದ ಇಂಧನ, ಅದರ ಮೇಲೆ ಸಾಮಾನ್ಯವಾಗಿ ಶೇ 5ರಷ್ಟು ಹೆಚ್ಚುವರಿ, ಬದಲಿ ನಿಲ್ದಾಣ ತಲುಪುವಷ್ಟು, ಅಲ್ಲಿ 1,500 ಅಡಿ ಎತ್ತರದಲ್ಲಿ 30 ನಿಮಿಷ ಹಾರುವಷ್ಟು – ಇಷ್ಟು ಇರಲೇಬೇಕು. ಮಳೆಗಾಲದಲ್ಲಿ ಕಾಯಲೆಂದು ಇನ್ನೊಂದಿಷ್ಟು ಸೇರಿಸುತ್ತೇವೆ. ಅದು ಮುಗಿದ ಕ್ಷಣದಲ್ಲಿ, ಇನ್ನೈದು ನಿಮಿಷಕ್ಕೆ ಮೋಡ ಸರಿಯುವ ಸೂಚನೆಯಿದ್ದರೂ, ಹೊರಡಲೇಬೇಕು.

ಟ್ಯಾಂಕ್ ತುಂಬಿಸಿಯೇ ಕಳುಹಿಸಿ ಎನ್ನುವವರಿದ್ದಾರೆ. ಇಂಧನಕ್ಕೂ ತೂಕವಿದೆ, ಭಾರ ಹೆಚ್ಚಾದಷ್ಟೂ ವಿಮಾನ ನಿಲ್ಲಲು ಉದ್ದ ಹೆಚ್ಚು ಬೇಕು. ಒಣ ರನ್‌ವೇಯಾದರೆ ಲಭ್ಯ ಉದ್ದದ ಶೇ 60ರೊಳಗೆ ವಿಮಾನ ನಿಲ್ಲುತ್ತದೆಂದು ಹೊರಡುವ ಮೊದಲೇ ಲೆಕ್ಕದಲ್ಲಿ ತೋರಿಸಬೇಕು. ಒದ್ದೆಯಾಗಿರುವ ನಿರೀಕ್ಷೆಯಿದ್ದರೆ ಹಾಗೆ ಬಂದ ಉದ್ದಕ್ಕೆ ಮತ್ತೆ ಶೇ 15 ಸೇರಿಸಬೇಕು. ಬಜ್ಪೆಯ ರನ್‌ವೇ ಸುಮಾರು 2,450 ಮೀಟರ್, ಅದರಾಚೆ ಇಳಿಜಾರು. ಇಲ್ಲಿ ಪ್ರತಿ ಟನ್ ತೂಕವನ್ನೂ ಅಳೆದು ತೂಗಿಯೇ ಹಾಕುತ್ತೇವೆ.

ನನಗೆ ಅತಿ ಹೆಚ್ಚು ಯೋಚನೆಗೆ ಹಚ್ಚುವುದು ಬದಲಿ ನಿಲ್ದಾಣದ ಆಯ್ಕೆ. ನಕ್ಷೆ ನೋಡಿದರೆ ಕಣ್ಣೂರು ಹತ್ತಿರ. ಕೋಯಿಕ್ಕೋಡ್, ಕೊಚ್ಚಿ ಅದೇ ಸಾಲಿನಲ್ಲಿವೆ. ಆದರೆ ಜುಲೈಯಲ್ಲಿ ಮಂಗಳೂರನ್ನು ಮುಚ್ಚಿದ ಮಳೆ ಈ ಕರಾವಳಿಯನ್ನೇ ಒಟ್ಟಿಗೆ ಮುಚ್ಚುವುದುಂಟು. ಕಣ್ಣೂರು, ಕೋಯಿಕ್ಕೋಡ್‌ಗಳ ರನ್‌ವೇಗಳೂ ಗುಡ್ಡದ ಮೇಲೆಯೇ ಇವೆ. ಒಂದೇ ಮೋಡದಡಿ ಎರಡು ನಿಲ್ದಾಣಗಳನ್ನು ನಂಬುವುದೆಂದರೆ ಒಂದನ್ನೇ ನಂಬಿದಂತೆ. ಆದ್ದರಿಂದ ಘಟ್ಟದಾಚೆಗಿನ ಬೆಂಗಳೂರು. ಕರಾವಳಿ ಮುಳುಗುವಂತೆ ಸುರಿಯುವಾಗಲೂ ಅಲ್ಲಿ ಬಹುಪಾಲು ತುಂತುರು ಮಾತ್ರ. ಏಪ್ರಿಲ್–ಮೇ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನ ಸಂಜೆಗಳಲ್ಲಿ ಲೆಕ್ಕ ತಿರುಗುತ್ತದೆ. ಆಗ ಗುಡುಗು ಸಿಡಿಲು ಬೆಂಗಳೂರಿನದೇ, ಕರಾವಳಿಯೇ ಆಸರೆಯಾಗಬಹುದು. ಅಂದರೆ ನಿಮ್ಮ ವಿಮಾನ ಬೆಂಗಳೂರಿಗೆ ತಿರುಗಿತೆಂದರೆ ಅದು ಗಾಬರಿಯಲ್ಲಿ ಮಾಡಿದ ತೀರ್ಮಾನವಲ್ಲ, ವಿಮಾನ ನೆಲ ಬಿಡುವ ಮೊದಲೇ ಕಾಗದದ ಮೇಲೆ ಸಿದ್ಧವಾಗಿದ್ದ ಯೋಜನೆ.

ಹೇಗಾದರೂ ಇಳಿಯಲೇಬೇಕು ಎಂಬ ಒತ್ತಡ ಎಲ್ಲಿಗೆ ಮುಟ್ಟಿಸಬಹುದೆಂದು 2020ರ ಆಗಸ್ಟ್ 7ರ ಕೋಯಿಕ್ಕೋಡ್ ದುರಂತ ತೋರಿಸಿದೆ. ಮಳೆಯಲ್ಲಿ ಮೊದಲ ಯತ್ನ ಕೈಗೂಡಲಿಲ್ಲ. ಎರಡನೆಯದು ರನ್‌ವೇಯ ಇನ್ನೊಂದು ತುದಿಯಿಂದ, ಸುಮಾರು 14 ನಾಟ್ (ಗಂಟೆಗೆ ಸುಮಾರು 26 ಕಿ.ಮೀ.) ಹಿಂಗಾಳಿಯಲ್ಲಿ. 2,700 ಮೀಟರ್ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು ಸುಮಾರು 1,350 ಮೀಟರ್ ಕಳೆದ ಮೇಲೆ. 21 ಜೀವಗಳು ಹೋದವು. ಮರುದಿನ ಬೆಳಗಿನ ವಿಮಾನಕ್ಕೂ ಅದೇ ಕ್ಯಾಪ್ಟನ್ ಬೇಕಾಗಿದ್ದರು ಎಂಬುದನ್ನು ತನಿಖಾ ವರದಿ ಗಂಭೀರವಾಗಿ ಪರಿಗಣಿಸಿದೆ. 2010ರ ಮೇ 22ರಂದು ಮಂಗಳೂರಿನ ವಿಮಾನ ದುರಂತದಲ್ಲಿ 158 ಮಂದಿ ಸತ್ತಾಗ ಹವಾಮಾನ ಚೆನ್ನಾಗಿಯೇ ಇತ್ತು. ಇಳಿಯುವುದನ್ನು ಕೈಬಿಟ್ಟು ಮೇಲೇರೋಣ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದರು. ಆದ್ದರಿಂದ, ಇಳಿಯುತ್ತಿದ್ದ ವಿಮಾನ ಗರ್ಜಿಸಿ ಮೇಲೇರಿದಾಗ ಪೈಲಟ್‌ಗೆ ಇಳಿಸಲು ಬರಲಿಲ್ಲ ಎಂದು ಯಾರಾದರೂ ಗೊಣಗಿದರೆ ನನಗೆ ನಿಜಕ್ಕೂ ನೋವಾಗುತ್ತದೆ.

ಬೆಂಗಳೂರು ಮುಟ್ಟಿದ ಮೇಲಿನ ಕಷ್ಟ ಬೇರೆ. ಇಂಧನ ತುಂಬಿಸಬೇಕು, ಹತ್ತಿರದಲ್ಲಿ ಸಿಡಿಲಿದ್ದರೆ ಆ ಕೆಲಸವೂ ನಿಲ್ಲುತ್ತದೆ. ಗಲ್ಫ್‌ನಿಂದ ಬಂದ ವಿಮಾನವಾದರೆ ವಲಸೆ, ಕಸ್ಟಮ್ಸ್ ತಪಾಸಣೆಯ ಕಾರಣ ಪ್ರಯಾಣಿಕರನ್ನು ಥಟ್ಟನೆ ಇಳಿಸಲಾಗದು. ಅಷ್ಟರಲ್ಲಿ ಪೈಲಟ್‌ಗಳ ಕರ್ತವ್ಯದ ಅವಧಿ ಮುಗಿದರೆ ಬೇರೆ ತಂಡ ಬರಬೇಕು. ಅದೇ ವಿಮಾನ ಸಂಜೆ ಇನ್ನೊಂದೆಡೆಗೆ ಹೋಗಬೇಕಿರುತ್ತದೆ. ಅಲ್ಲಿ ಬಿಸಿಲಿದ್ದರೂ ಹಾರಾಟ ರದ್ದಾಗುತ್ತದೆ. ಇದನ್ನೆಲ್ಲ ಮೈಕಿನಲ್ಲಿ ನೇರವಾಗಿ ಹೇಳಬೇಕು: “ಬಜ್ಪೆಯಲ್ಲಿ ಗೋಚರತೆ ಇಷ್ಟಿದೆ, ನಮಗೆ ಇಷ್ಟು ಬೇಕು, ಮುಂದಿನ ವರದಿ ಅರ್ಧ ಗಂಟೆಗೆ ಬರುತ್ತದೆ.” ಸಾವಿನ ಮನೆಗೆ ಹೊರಟವರು, ಆಸ್ಪತ್ರೆಗೆ ಹೊರಟವರು ಆ ವಿಮಾನದಲ್ಲಿರುತ್ತಾರೆ. ರಸ್ತೆ ಹಿಡಿಯಬೇಕೋ ಕಾಯಬೇಕೋ ಎಂದು ತೀರ್ಮಾನಿಸಲು ಅವರಿಗೆ ಇಷ್ಟಾದರೂ ತಿಳಿಯಬೇಕು.

ಹವಾಮಾನದಿಂದ ಹಾರಾಟ ರದ್ದಾದರೆ ನಗದು ಪರಿಹಾರವಿಲ್ಲ; ಟಿಕೆಟ್ ಹಣ ವಾಪಸ್ ಅಥವಾ ಬೇರೆ ವಿಮಾನ ಕೇಳುವ ಹಕ್ಕು ಇದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಂಗಳೂರಿನಿಂದ ಹೊರಟು ಬೆಂಗಳೂರಿನಲ್ಲಿ ವಿದೇಶದ ವಿಮಾನ ಹಿಡಿಯುವವರು ಎರಡನ್ನೂ ಒಂದೇ ಪಿಎನ್‌ಆರ್‌ನಲ್ಲಿ ಕಾದಿರಿಸಿ. ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಎರಡನೆಯ ಕಂಪನಿಯ ಲೆಕ್ಕದಲ್ಲಿ ನೀವು ಬಾರದೆ ಉಳಿದ ಪ್ರಯಾಣಿಕರು. ಬೇರೆ ಬೇರೆಯೇ ಅನಿವಾರ್ಯವಾದರೆ ಹಿಂದಿನ ದಿನವೇ ಬೆಂಗಳೂರು ಸೇರಿಕೊಳ್ಳಿ.