ಪದ ಪರಿಚಯ: ಪಾಯಿಂಟ್ ಆಫ್ ಡಿಸಿಷನ್ ಪ್ರಾಂಪ್ಟ್

ಲಿಫ್ಟ್ ಪಕ್ಕದಲ್ಲಿ ‘ಮೆಟ್ಟಿಲು ಹತ್ತಿ, ಹೃದಯಕ್ಕೆ ಒಳ್ಳೆಯದು’ ಅನ್ನುವ ಬೋರ್ಡ್ ನೀವೂ ನೋಡಿರಬಹುದು. ಸಾರ್ವಜನಿಕ ಆರೋಗ್ಯದ ಕೆಲಸ ಮಾಡುವವರು ಇದನ್ನು ‘ಪಾಯಿಂಟ್ ಆಫ್ ಡಿಸಿಷನ್ ಪ್ರಾಂಪ್ಟ್’ ಎನ್ನುತ್ತಾರೆ. ಅತ್ತ ಹೋಗಲೋ ಇತ್ತ ಹೋಗಲೋ ಎಂದು ತೀರ್ಮಾನ ಆಗುವ ಜಾಗದಲ್ಲೇ ಕಣ್ಣಿಗೆ ಬೀಳುವ ಸೂಚನೆ ಇದು. ಇದರಲ್ಲಿ ಬರಹಕ್ಕಿಂತ ಜಾಗವೇ ಮುಖ್ಯ.

ಚಾಮುಂಡಿ ಬೆಟ್ಟದ ಪಾದದಲ್ಲಿ ಇದೇ ಬೋರ್ಡ್ ನೆಟ್ಟರೆ ಹೆಚ್ಚು ಪ್ರಯೋಜನವಿಲ್ಲ. ಬೆಳಿಗ್ಗೆ ಅಲ್ಲಿಗೆ ಬರುವವರು ಸಾವಿರ ಮೆಟ್ಟಿಲು ಹತ್ತಬೇಕು ಎಂದು ಮನೆಯಲ್ಲೇ ತೀರ್ಮಾನಿಸಿ ಬಂದಿರುತ್ತಾರೆ. ಭಾನುವಾರ ಬೆಟ್ಟ ಹತ್ತಿದವರೇ ಸೋಮವಾರ ಎರಡನೇ ಮಹಡಿಗೆ ಹೋಗಲು ಲಿಫ್ಟಿಗೆ ಕಾಯುತ್ತಾ ನಿಲ್ಲುತ್ತಾರೆ! ಸೋಮಾರಿತನ ಅಂತಲ್ಲ. ಬಟನ್ ಕಂಡಿತು, ಕೈ ಹೋಯಿತು, ಅಷ್ಟೆ. ಬೋರ್ಡ್ ಬೇಕಾಗಿರುವುದು ಆ ಬಟನ್ ಪಕ್ಕದಲ್ಲಿ.

ಅಮೆರಿಕದ ಮನಶ್ಶಾಸ್ತ್ರಜ್ಞ ಕೆಲ್ಲಿ ಬ್ರೌನೆಲ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 1980ರಲ್ಲಿ ಪ್ರಕಟಿಸಿದ್ದರು. 1995ರಲ್ಲಿ ಪ್ರಕಟವಾದ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಅಧ್ಯಯನ ಇನ್ನೂ ಸ್ವಾರಸ್ಯದ್ದು. ಅಲ್ಲಿನ ಸುರಂಗ ರೈಲು ನಿಲ್ದಾಣವೊಂದರಲ್ಲಿ ಎಸ್ಕಲೇಟರ್ ಪಕ್ಕದಲ್ಲೇ ಮೆಟ್ಟಿಲಿತ್ತು. ಹತ್ತುತ್ತಿದ್ದವರು ನೂರಕ್ಕೆ 8 ಜನ ಮಾತ್ರ. ‘ಆರೋಗ್ಯ ಕಾಪಾಡಿಕೊಳ್ಳಿ, ಸಮಯ ಉಳಿಸಿ, ಮೆಟ್ಟಿಲು ಬಳಸಿ’ ಎಂಬ ಪೋಸ್ಟರ್ ಹಾಕಿದ ಮೇಲೆ ಅದು 15–17ಕ್ಕೆ ಏರಿತು. ಪೋಸ್ಟರ್ ತೆಗೆದಾಗ ಮತ್ತೆ ಇಳಿಯಿತು, ಪೂರ್ತಿ ಹಳೆಯ ಮಟ್ಟಕ್ಕಲ್ಲದಿದ್ದರೂ. ಅಂದರೆ ಬೋರ್ಡ್ ನೆನಪಿಸುತ್ತದೆ. ಅಭ್ಯಾಸ ಬೆಳೆಸುತ್ತದೆ ಎಂದು ಗ್ಯಾರಂಟಿ ಕೊಡಲಾಗದು. ಸಮಯ ಉಳಿಯುತ್ತದೆ ಎಂದು ಹೇಳಿದ್ದು ನನಗೆ ಜಾಣತನ ಅನ್ನಿಸುತ್ತದೆ. ಗಡಿಬಿಡಿಯಲ್ಲಿ ಇರುವವರಿಗೆ ಹೃದಯಕ್ಕಿಂತ ರೈಲಿನ ಚಿಂತೆ ಜಾಸ್ತಿ ಅಲ್ವಾ?

ಎರಡು ಮಹಡಿ ಹತ್ತಿದರೆ ಏನು ಮಹಾ ಎನ್ನುವವರೂ ಇದ್ದಾರೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ಸಲಕ್ಕೆ 10 ನಿಮಿಷವಾದರೂ ಆಗಬೇಕು ಎಂಬ ಹಳೆಯ ಷರತ್ತನ್ನು 2020ರಲ್ಲಿ ಅದು ಕೈಬಿಟ್ಟಿತು. ಬಿಡಿ ಬಿಡಿ ನಿಮಿಷಗಳೂ ಈಗ ಲೆಕ್ಕಕ್ಕೆ ಬರುತ್ತವೆ.

ಆದರೆ ಬೋರ್ಡ್ ನೋಡಿದವರಿಗೆ ಮೆಟ್ಟಿಲು ಕಾಣಬೇಕಲ್ಲ! ಮೈಸೂರಿನ ಎಷ್ಟೋ ಕಾಂಪ್ಲೆಕ್ಸ್‌ಗಳಲ್ಲಿ ಅದು ಹಿಂದಿನ ಮೂಲೆಯಲ್ಲಿರುತ್ತದೆ. ಲೈಟ್ ಇಲ್ಲ, ತಿರುವಿನಲ್ಲಿ ಪೊರಕೆ, ಬಕೆಟ್, ಮುರಿದ ಕುರ್ಚಿ. ಅಂಥ ಕಡೆ ಮೊದಲು ಒಂದು ಬಲ್ಬ್ ಹಾಕಿಸಿ, ಬೋರ್ಡ್ ಆಮೇಲೆ. ಬೋರ್ಡಿನಲ್ಲಿ ಮೆಟ್ಟಿಲು ಯಾವ ಕಡೆ ಎಂದು ಬಾಣದ ಗುರುತೂ ಇರಲಿ. ‘ಸೋಮಾರಿಗಳಿಗೆ ಲಿಫ್ಟ್’ ಅನ್ನುವಂಥ ಚುಚ್ಚುಮಾತು ಮಾತ್ರ ಬೇಡ. ಮಂಡಿ ನೋವಿನವರು, ಗರ್ಭಿಣಿಯರು, ಗಾಲಿಕುರ್ಚಿಯಲ್ಲಿ ಬರುವವರು ಅದೇ ಬಾಗಿಲ ಮುಂದೆ ನಿಂತಿರುತ್ತಾರೆ.