ಕುಟ್ಟಬೇಕಾದ್ದು ಪೈಪಲ್ಲ, ಮೀಟಬೇಕಾದ್ದು ಕಡ್ಡಿ

ಅಂಗಡಿಗೆ ಬಂದವರು ಸೈಕಲ್ಲಿನ ಪೈಪನ್ನು ಬೆರಳಲ್ಲಿ ಕುಟ್ಟಿ ನೋಡುತ್ತಾರೆ, ಸಂತೆಯಲ್ಲಿ ತೆಂಗಿನಕಾಯಿ ಕುಟ್ಟಿ ನೋಡಿದ ಹಾಗೆ. "ಅಣ್ಣಾ, ಫ್ರೇಮ್ ಗಟ್ಟಿ ಇದೆಯಾ? ಎಷ್ಟು ಗೇರು?" ಹಿಂದಿನ ಚಕ್ರದ ಕಡೆ ಒಬ್ಬರೂ ಬಗ್ಗಿ ನೋಡುವುದಿಲ್ಲ. ನನ್ನ ಹತ್ತಿರ ಫ್ರೇಮ್ ಮುರಿದು ಬರುವ ಗಾಡಿ ಅಪರೂಪ. ಚಕ್ರದ ಕಡ್ಡಿ, ಅಂದರೆ ಸ್ಪೋಕ್, ಮುರಿದು ಬರುವುದು ವಾರಕ್ಕೆ ನಾಲ್ಕಾದರೂ ಇರುತ್ತವೆ.

ಫ್ರೇಮಿನ ಮಾತು ಬೇಗ ಮುಗಿಸುತ್ತೇನೆ. ದಿನಾ ಹೊರೆ ಹೊರುವ ಗಾಡಿಗೆ ಸ್ಟೀಲ್ ಸಾಕು. ಬಿರುಕು ಬಿಟ್ಟರೆ ಕೈ ಪಳಗಿದ ವೆಲ್ಡರ್ ನಿಮ್ಮೂರಲ್ಲೇ ಸಿಗುತ್ತಾನೆ. ಅಲ್ಯೂಮಿನಿಯಂ ಹಗುರ, ಆದರೆ ವೆಲ್ಡ್ ಮಾಡಿದ ಜಾಗ ಮೊದಲಿನಷ್ಟು ಗಟ್ಟಿ ಇರುವುದಿಲ್ಲ. ಕಡಿಮೆ ಬೆಲೆಯ ಗಾಡಿಗೆ ಸಸ್ಪೆನ್ಷನ್ ಸುಮ್ನೆ ತೂಕ.

ಈಗ ಕಡ್ಡಿ. "ಗುಂಡಿಗೆ ಬಿದ್ದು ಮುರೀತು" ಅಂತಾರೆ. ಹೆಚ್ಚಿನ ಸಲ ಅದಲ್ಲ ಕಾರಣ. ಸಡಿಲ ಇತ್ತು, ಮುರಿಯಿತು. ಒಂದು ಬೈಂಡಿಂಗ್ ವೈರ್ ತಗೊಂಡು ಎಳೆದು ತುಂಡು ಮಾಡಿ ನೋಡಿ. ಆಗಲ್ಲ. ಅದನ್ನೇ ಅತ್ತ ಇತ್ತ ಬಗ್ಗಿಸಿ, ಸ್ವಲ್ಪ ಹೊತ್ತಿಗೆ ಕೈಗೆ ಬರುತ್ತದೆ. ಕಡ್ಡಿಯ ಕಥೆಯೂ ಇದೇ. ಚಕ್ರ ಉರುಳುವಾಗ ನೆಲದ ಕಡೆ ಬಂದ ಕಡ್ಡಿಯ ಬಿಗಿ ತಗ್ಗುತ್ತದೆ, ಮೇಲೆ ಹೋದಾಗ ಮತ್ತೆ ಏರುತ್ತದೆ. ಮೊದಲೇ ಚೆನ್ನಾಗಿ ಬಿಗಿದಿದ್ದರೆ ಅದು ಕದಲುವುದಿಲ್ಲ. ಸಡಿಲ ಇದ್ದರೆ ಚಕ್ರದ ನಡುವಿನ ಹಬ್ಬಿನ ತೂತಿನಲ್ಲಿ ಅದರ ಬಾಗಿದ ತುದಿ ಸುತ್ತಿಗೊಂದು ಸಲ ಆಡುತ್ತದೆ. 26 ಇಂಚಿನ ಚಕ್ರ ಕಿಲೋಮೀಟರಿಗೆ ಸುಮಾರು 480 ಸುತ್ತು ಸುತ್ತುತ್ತದೆ. ದಿನಕ್ಕೆ 20 ಕಿಲೋಮೀಟರ್ ಓಡಿಸಿದರೆ ಹತ್ತಿರ ಹತ್ತಿರ ಹತ್ತು ಸಾವಿರ ಸಲ.

ಒಂದು ಮುರಿದಾಗ "ಅದೊಂದನ್ನೇ ಹಾಕಿಕೊಡಿ, ಅರ್ಜೆಂಟು" ಅಂತಾರೆ. ಹಾಕುತ್ತೇನೆ. ಉಳಿದವೂ ಅಷ್ಟೇ ಆಡಿರುತ್ತವೆ ಅಲ್ವಾ? ಮುಂದಿನ ವಾರ ಅದರ ಪಕ್ಕದ್ದು ಹೋಗುತ್ತದೆ. ಬೈಗುಳ ಮಾತ್ರ ನನಗೆ.

ಹಾಗಾಗಿ ಕೊಳ್ಳುವಾಗ ಕಡ್ಡಿಗಳನ್ನು ಬೆರಳಲ್ಲಿ ಮೀಟಿ ನೋಡಿ. ಒಂದೇ ಬದಿಯವು ಹೆಚ್ಚುಕಡಿಮೆ ಒಂದೇ ಸ್ವರ ಕೊಡಬೇಕು. ಗೇರಿನ ಗಾಡಿಯಲ್ಲಿ ಹಿಂದಿನ ಚಕ್ರದ ಬಲಬದಿ ಜಾಸ್ತಿ ಬಿಗಿ ಇರುತ್ತದೆ, ಅದಕ್ಕೆ ಗಾಬರಿ ಬೇಡ. ರಿಮ್ ಡಬಲ್ ವಾಲ್, ಅಂದರೆ ಎರಡು ಪದರದ್ದು, ಇರಲಿ. ಹಿಂದೆ 36 ಕಡ್ಡಿ ಇದ್ದರೆ ಒಳ್ಳೆಯದು, ಆದರೂ ನಿಮ್ಮ ತೂಕ, ಹೊರೆ, ರಸ್ತೆ ನೋಡದೆ ಇಷ್ಟೇ ಸಾಕು ಅಂತ ಹೇಳಲಾರೆ. ರಾಡ್ ಬ್ರೇಕಿನ ಹಳೇ ಕಪ್ಪು ಸೈಕಲ್ಲಿಗೆ ಮುಂದೆ 32, ಹಿಂದೆ 40 ಕಡ್ಡಿ ಇರುತ್ತಿತ್ತು. ಭಾರ ಹಿಂದೆ ಬೀಳುತ್ತದೆ ಅಂತ ಅವರಿಗೆ ಗೊತ್ತಿತ್ತು. ಗೇರಿನ ಗಾಡಿಯಾದರೆ ಹಬ್ ಕ್ಯಾಸೆಟ್ಟಿನದೇ ಕೇಳಿ, ಅಂದರೆ ಗೇರಿನ ಹಲ್ಲುಚಕ್ರಗಳನ್ನು ಜಾರಿಸಿ ಕೂರಿಸುವಂಥದ್ದು. ತಿರುಪಿ ಕೂರಿಸುವ ಫ್ರೀವೀಲಿನಲ್ಲಿ ಬಲಗಡೆಯ ಬೇರಿಂಗ್ ಒಳಗೇ ಉಳಿದು ಆಕ್ಸಲ್ಲಿನ ತುದಿಗೆ ಆಸರೆ ಸಿಗದೆ ಬಗ್ಗುತ್ತದೆ.

ನೈಟ್ ಡ್ಯೂಟಿಯ ವಾಚ್‌ಮನ್ ಒಬ್ಬರಿದ್ದರು. ಒಳ್ಳೆ ದೇಹ, ಕ್ಯಾರಿಯರ್ ಮೇಲೆ ದೊಡ್ಡ ಬ್ಯಾಗು. ಎರಡು ತಿಂಗಳಲ್ಲಿ ಐದು ಕಡ್ಡಿ ಮುರಿದರು. ಕೊನೆಗೆ ಬೇಸತ್ತು ಅಷ್ಟನ್ನೂ ಬಿಚ್ಚಿ, ಹೊಸ ರಿಮ್ಮಿಗೆ 36 ಸ್ಟೇನ್‌ಲೆಸ್ ಕಡ್ಡಿ ಕಟ್ಟಿ, ಬೆಂಡ್ ತೆಗೆದು ಬಿಗಿದುಕೊಟ್ಟೆ. "ಹದಿನೈದು ದಿನಕ್ಕೆ ಬನ್ನಿ, ಕೂತ ಮೇಲೆ ಇನ್ನೊಮ್ಮೆ ಬಿಗಿಯಬೇಕು" ಅಂದಿದ್ದೆ. ಅದೊಂದು ಸಲ ಬಂದವರು ಮತ್ತೆ ಕಾಣಲೇ ಇಲ್ಲ. ಬೇರೆ ಅಂಗಡಿ ಹಿಡಿದರೇನೋ ಅಂದುಕೊಂಡೆ. ಒಂದೂವರೆ ವರ್ಷದ ಮೇಲೆ ಬ್ರೇಕ್ ರಬ್ಬರ್ ಹಾಕಿಸಲು ಬಂದರು. ಕಡ್ಡಿ ಒಂದೂ ಹೋಗಿರಲಿಲ್ಲ. ಈಗ ತಾವು ಕಾಯುವ ಅಪಾರ್ಟ್‌ಮೆಂಟಿನಲ್ಲಿ ನಿಂತ ಸೈಕಲ್ಲುಗಳ ಕಡ್ಡಿ ಮೀಟಿ ನೋಡಿ, ಸ್ವರ ತಪ್ಪಿದವನ್ನು ನನ್ನ ಹತ್ತಿರ ಕಳಿಸುತ್ತಾರೆ.