ಪೊಲೀಸರ ಎದೆ ಮೇಲಿನ ಕ್ಯಾಮೆರಾ ನೋಡೋದು ಯಾರನ್ನ?

ಶನಿವಾರ ಬಂತು ಅಂದ್ರೆ ಮಡಿಕೇರಿ ತಿಮ್ಮಯ್ಯ ಸರ್ಕಲ್ ಹೇಗಿರುತ್ತೆ ಅಂತ ನಮ್ಮೂರವರಿಗೆ ಹೇಳ್ಬೇಕಾ, ರಾಜಾಸೀಟು ನೋಡೋಕೆ ಬಂದ ಕಾರುಗಳು ಸಾಲುಗಟ್ಟಿ ನಿಂತಿರ್ತವೆ, ಮಧ್ಯೆ ಒಬ್ರು ಟ್ರಾಫಿಕ್ ಪೊಲೀಸು ಪೀಪಿ ಊದ್ತಿರ್ತಾರೆ. ಅಲ್ಲಿ ಯಾರದ್ದೋ ಗಾಡಿ ತಡೆದು ಫೈನ್ ಅಂದ್ರೋ, ಜಗಳ ಶುರು. ಆಮೇಲೆ ಮೊದ್ಲು ದನಿ ಏರಿಸಿದ್ದು ಯಾರು ಅಂತ ಕೇಳಿದ್ರೆ ಎರಡು ಕಥೆ.

ಇದಕ್ಕೇ ಬಾಡಿ ಕ್ಯಾಮೆರಾ ಬೇಕು ಅನ್ನೋದು. 2021ರಲ್ಲಿ ಬಂದ ಕೇಂದ್ರ ಮೋಟಾರು ವಾಹನ ನಿಯಮ 167ಎ ಕೂಡ ಟ್ರಾಫಿಕ್ ತಪ್ಪು ಹಿಡಿಯೋ ಸಾಧನಗಳ ಪಟ್ಟೀಲಿ ಸಿಸಿಟಿವಿ, ಸ್ಪೀಡ್ ಗನ್ ಸಾಲಲ್ಲೇ ಇದನ್ನೂ ಸೇರಿಸಿದೆ. ಆದ್ರೆ ಒಂದು ತಮಾಷೆ ನೋಡಿ, ಪೊಲೀಸರ ಮೇಲೆ ಕಣ್ಣಿಡೋಕೆ ಅಂತ ತಂದ ಕ್ಯಾಮೆರಾದ ಲೆನ್ಸ್ ತಿರುಗಿರೋದು ನಮ್ಮ ಕಡೆಗೆ! ಹಾಕ್ಕೊಂಡವರ ಮುಖ ಅದ್ರಲ್ಲಿ ಬರೋದೇ ಇಲ್ಲ. 2019ರ ಒಂದು ಅಧ್ಯಯನದಲ್ಲಿ ಒಂದೇ ಥರದ ಘಟನೇನ ಕೆಲವರಿಗೆ ಬಾಡಿ ಕ್ಯಾಮೆರಾದಲ್ಲಿ, ಕೆಲವರಿಗೆ ಜೀಪಿನ ಡ್ಯಾಶ್ ಕ್ಯಾಮೆರಾದಲ್ಲಿ ತೋರಿಸಿದ್ರು, ಬಾಡಿ ಕ್ಯಾಮೆರಾದ್ದು ನೋಡಿದವ್ರಿಗೆ ಪೊಲೀಸು ಬೇಕಂತ ಮಾಡಿದ್ದು ಅನ್ನಿಸಿದ್ದು ಕಮ್ಮಿ. ಆಳೇ ಕಾಣದಿದ್ರೆ ಆಳಿನ ಉದ್ದೇಶ ಎಲ್ಲಿ ಕಾಣ್ಬೇಕು.

ಹಾಗಾದ್ರೆ ಕ್ಯಾಮೆರಾದಿಂದ ಪ್ರಯೋಜನ ಇದ್ಯಾ ಅಂದ್ರೆ, ಒಂದೊಂದು ಕಡೆ ಒಂದೊಂದು ಉತ್ತರ. ಕ್ಯಾಲಿಫೋರ್ನಿಯಾದ ರಿಯಾಲ್ಟೊ ಅನ್ನೋ ಸಣ್ಣ ಊರಲ್ಲಿ 2012ರಿಂದ ಒಂದು ವರ್ಷ ಹಾಕಿಸಿ ನೋಡಿದಾಗ ಪೊಲೀಸರ ಮೇಲಿನ ದೂರು ಶೇ 85ಕ್ಕಿಂತ ಜಾಸ್ತಿ ಇಳೀತು, ಆದ್ರೆ ವಾಷಿಂಗ್ಟನ್ ಡಿಸಿಯಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಪೊಲೀಸರನ್ನ ಸೇರಿಸಿ ಮಾಡಿದ ಪರೀಕ್ಷೆಯಲ್ಲಿ ಹೇಳ್ಕೊಳ್ಳೋ ವ್ಯತ್ಯಾಸವೇ ಸಿಗ್ಲಿಲ್ಲ. ನಂಗೆ ಇವೆರಡಕ್ಕಿಂತ ಮುಖ್ಯ ಅನ್ಸೋದು 2016ರಲ್ಲಿ ಬಂದ ಲೆಕ್ಕ: ಶುರುವಿಂದ್ಲೇ ಕ್ಯಾಮೆರಾ ಆನ್ ಮಾಡಿ ರೆಕಾರ್ಡ್ ಆಗ್ತಿದೆ ಅಂತ ಎದುರಿನವರಿಗೂ ಹೇಳಿದ ಕಡೆ, ಕ್ಯಾಮೆರಾ ಇಲ್ಲದ ಶಿಫ್ಟಿಗಿಂತ ಬಲಪ್ರಯೋಗ ಶೇ 37 ಕಮ್ಮಿ ಆಗಿತ್ತು, ಯಾವಾಗ ಆನ್ ಮಾಡೋದು ಅಂತ ಪೊಲೀಸರೇ ತಮ್ಮಿಷ್ಟಕ್ಕೆ ತೀರ್ಮಾನ ಮಾಡಿದ ಕಡೆ ಶೇ 71 ಜಾಸ್ತಿ. (ಅವರು ಗಸ್ತು ಪೊಲೀಸರು, ನಮ್ಮ ಹೆಲ್ಮೆಟ್ ಫೈನ್ ಜಗಳ ಬೇರೆ, ಅದೂ ನೆನಪಿರ್ಲಿ.) ಅಂದ್ರೆ ವಿಷಯ ಇರೋದು ಲೆನ್ಸಲ್ಲಿ ಅಲ್ಲ, ಸ್ವಿಚ್ಚಲ್ಲಿ.

ಸ್ವಿಚ್ ಒತ್ತೋಕೆ ಮುಂಚಿನದ್ದನ್ನೂ ಹಿಡಿಯೋ ಉಪಾಯ ಇದೆ. ಎಷ್ಟೋ ಕ್ಯಾಮೆರಾಗಳು ಕೊನೇ 30 ಸೆಕೆಂಡಿನ ದೃಶ್ಯಾನ ಮೆಮೊರಿಯಲ್ಲಿ ಸುತ್ತಿಸ್ತಾ ಇರ್ತವೆ, ಬಟನ್ ಒತ್ತಿದ ಕೂಡ್ಲೇ ಅದೂ ಸೇರ್ಕೊಳ್ಳುತ್ತೆ. ಆದ್ರೆ ಆ ತುಂಡಲ್ಲಿ ಸಾಮಾನ್ಯವಾಗಿ ಸೌಂಡ್ ಇರಲ್ಲ! ಬಾಯಿ ಆಡೋದು ಕಾಣುತ್ತೆ, ಮೊದ್ಲು ಕೂಗಿದ್ದು ಯಾರು ಅನ್ನೋದು ಮಾತ್ರ ಕೇಳಲ್ಲ.

ಇನ್ನು ಜಡಿಮಳೆ ಸುರಿಯೋ ನಮ್ಮ ಕಕ್ಕಡ ತಿಂಗಳಲ್ಲಂತೂ ಕೇಳೋದೇ ಬೇಡ. ರೈನ್‌ಕೋಟ್ ಒಳಗಿಟ್ರೆ ಬಟ್ಟೆ ಸರಸರ ಸದ್ದು, ಹೊರಗಿಟ್ರೆ ಲೆನ್ಸ್ ಮೇಲೆ ಹನಿ. ಸಂಪಾಜೆ ಘಾಟಿಯ ಮಂಜಲ್ಲಿ ರಾತ್ರಿ ಲೈಟ್ ಬಿಟ್ರೆ ನೀರಿನ ಕಣಗಳು ಬೆಳಕನ್ನ ವಾಪಸ್ ಲೆನ್ಸಿಗೇ ಚದುರಿಸ್ತವೆ, ನಂಬರ್ ಪ್ಲೇಟ್ ಇರ್ಬೇಕಾದ ಜಾಗದಲ್ಲಿ ಬರೀ ಬಿಳಿ.